ನಿಮ್ಮ ಫೋನಿನಲ್ಲಿರುವ ನಮ್ಮ ಅಣ್ಣ

ಲೊರೇನ್ ಅಕ್ಕನವರಿಗೆ,

ಆಂಧ್ರದ ಗಡಿಯೊಳಗಿನ ಹೇಮಾವತಿ ಊರಿನ ಗುರುಬಸಮ್ಮನ ಮಗಳು ಅಂಜನಾ ಮಾಡುವ ನಮಸ್ಕಾರ. ಮೊದಲು ಕ್ಷೇಮ ಸಮಾಚಾರ ಬರೆಯಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆ ಸಾಲನ್ನು ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಓದಿದ್ದು ಐದನೇ ತರಗತಿ. ಕಥೆ ಬರೆಯುವ ಹುಚ್ಚು ಮಾತ್ರ ಉಳಿದುಕೊಂಡಿದೆ. ನಿಮ್ಮ ವಿಳಾಸ ನನ್ನಲ್ಲಿಲ್ಲ. ಅದಕ್ಕೇ ಈ ಕಾಗದವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಕನ್ನಡ ಬಲ್ಲವರು ಯಾರಾದರೂ ನಿಮಗೆ ಓದಿ ಹೇಳಬಹುದೇನೋ ಎಂಬ ಆಸೆ. ಆಸೆ ಎಂದು ಬರೆದೆ, ಅದೂ ಅಷ್ಟಾಗಿ ಇಲ್ಲ.

ನಿಮಗೆ ನನ್ನ ನೆನಪಿರಲಾರದು. ಮೂರು ವರ್ಷದ ಹಿಂದೆ ಕಾರ್ತಿಕ ಮಾಸದಲ್ಲಿ ನೀವು ಸಿದ್ಧೇಶ್ವರನ ಗುಡಿ ನೋಡಲು ಬಂದಾಗ, ಗುಡಿ ಮುಂದೆ ಕಾಯಿ, ಹೂವು ಮಾರುವ ನಮ್ಮವ್ವನ ಬೆನ್ನ ಹಿಂದೆ ಕೂತು ಹೂ ಕಟ್ಟುತ್ತಿದ್ದವಳು ನಾನು. ನೀವು ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ, ಬಾಯಿ ಬಿಡಲಿಲ್ಲ. ಆದರೆ ನಮ್ಮ ಅಣ್ಣನ ನೆನಪು ಇದ್ದೇ ಇರುತ್ತದೆ. ಬೇವಿನ ಮರದ ನೆರಳಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದ, ಹಾಲಿನಂಥ ಮೈಯ, ರೆಪ್ಪೆಯೂ ಬೆಳ್ಳಗಿದ್ದ ಹುಡುಗ.

ಅವತ್ತು ಜನ ನಿಮ್ಮ ಸುತ್ತ ಸೇರಿ ಯಾಕೆ ನಕ್ಕರು ಎಂಬುದನ್ನು ನಿಮ್ಮ ಕಾರಿನ ಡ್ರೈವರ್ ಶಿವಶಂಕರ್ ಅವರು ಪೂರ್ತಿ ಹೇಳಲಿಲ್ಲ. ಅಷ್ಟು ಇಂಗ್ಲಿಷ್ ನನಗೆ ತಿಳಿಯದಿದ್ದರೂ, ಇಷ್ಟುದ್ದದ ಮಾತನ್ನು ಅವರು ಎರಡೇ ಪದದಲ್ಲಿ ಮುಗಿಸಿದ್ದು ತಿಳಿಯಿತು. ಈಗ ನಾನೇ ಹೇಳುತ್ತೇನೆ.

ನೀವು ಕಾರಿನಿಂದ ಇಳಿದ ಕೂಡಲೇ ನಮ್ಮೂರ ಸೂರಪ್ಪ ಮಾವ ಡ್ರೈವರನ್ನು ಕೇಳಿದ.

"ಯಾವ ದೇಶನಪ್ಪಾ ಈಯಮ್ಮಂದು?"

"ಅಮೆರಿಕ."

"ಏ ಹೋಗಯ್ಯ, ನನ್ನ ಕಿವಿಗೆ ಹೂವ ಇಡ್ತೀಯಾ? ಇಷ್ಟು ಕಪ್ಪಗವ್ರೆ. ಆಫ್ರಿಕಾ ಅನ್ನು, ಒಪ್ಕೊಂತೀನಿ."

"ಪಾಸ್‌ಪೋರ್ಟ್ ತೋರಿಸ್ಲಾ ಯಜಮಾನ್ರೇ?"

"ಪಾಸ್‌ಪೋರ್ಟು ಯಾರಿಗಾದ್ರೂ ಕೊಡ್ತಾರೆ, ಬಣ್ಣ ಕೊಡ್ತಾರಾ? ನಮ್ಮೂರಾಗೇ ಒಂದು ಅಮೆರಿಕ ಐತೆ, ಬಾ ತೋರಿಸ್ತೀನಿ. ಲೋ ಅಮೆರಿಕ, ಎದ್ ಬಾರೋ! ನಿಮ್ಮ ದೇಶದೋರಂತೆ, ಹೌದೋ ಅಲ್ವೋ ನೋಡಿ ಹೇಳು!"

ಅಮೆರಿಕ ಎಂದು ಕರೆದದ್ದು ನಮ್ಮ ಅಣ್ಣನನ್ನು.

ಅವನು ಹುಟ್ಟಿದ್ದೇ ಹಾಗೆ. ಇದೇ ಸೂರಪ್ಪ ಮಾವ ತೊಟ್ಟಿಲಿಗೆ ಬಗ್ಗಿ ನೋಡಿ, "ಗುರುಬಸಮ್ಮ, ನಿನ್ನ ಹೊಟ್ಟೇಲಿ ಅಮೆರಿಕ ಹುಟ್ಟೈತಲ್ಲೇ" ಎಂದನಂತೆ. ಸಿದ್ದರಾಮೇಶ ಎಂದು ಕಿವಿಯಲ್ಲಿ ಹೇಳಿದ ಹೆಸರು ಕಿವಿಯಲ್ಲೇ ಉಳಿಯಿತು. ಹೆಸರಿನ ಜೊತೆ ಆ ದೇಶದವರ ಬಗ್ಗೆ ನಮ್ಮ ಕಡೆ ಏನೇನು ಹೇಳುತ್ತಾರೋ ಅದೆಲ್ಲವೂ ಅವನ ತಲೆಗೆ ಬಂತು. ಊಟದ ಪಂಕ್ತಿಯಲ್ಲಿ ಅವನ ಎಲೆಗೆ ಮಾತ್ರ ಸಾರು ಹಾಕದೆ ಮಜ್ಜಿಗೆ ಹಾಕುತ್ತಿದ್ದರು. "ಅಮೆರಿಕದೋರಿಗೆ ಖಾರ ತಡಿಯಲ್ಲ." ಅವನೋ ಮನೆಯಲ್ಲಿ ಹಸಿಮೆಣಸಿನಕಾಯಿ ಕಡಿದುಕೊಂಡೇ ಮುದ್ದೆ ನುಂಗುತ್ತಿದ್ದವನು. ಅವ್ವನನ್ನು ಕಂಡರೆ, "ನಿನ್ನ ಮಗ ನಿನ್ನ ಮುದುಕರ ಹಾಸ್ಟೆಲ್‌ಗೆ ಸೇರಿಸ್ತಾನೆ ನೋಡ್ತಿರು, ಆ ದೇಶದಾಗೆ ತಾಯಿ ಅಂದ್ರೆ ಲೆಕ್ಕಕ್ಕಿಲ್ಲ" ಎನ್ನುವರು. ಪಕ್ಕದ ಅಗಳಿ ಊರಿನಿಂದ ಒಂದು ಹೆಣ್ಣಿನ ಕಡೆಯವರು ಬಂದಿದ್ದರು. ಬಾಗಿಲಲ್ಲೇ ಯಾರೋ, "ವರ್ಷಕ್ಕೊಂದು ಹೆಂಡ್ತಿ ಬದಲಾಯಿಸೋ ಜಾತಿ ಅದು, ಹುಷಾರು" ಎಂದು ನಕ್ಕರು. ಬರೀ ತಮಾಷೆ. ಹೆಣ್ಣಿನ ತಂದೆಯೂ ನಕ್ಕ. ಆಮೇಲೆ ಅವರು ಬರಲಿಲ್ಲ. ನಮ್ಮ ಊರಿನವರು ಯಾರೂ ಕೆಟ್ಟವರಲ್ಲ ಅಕ್ಕ. ಅಮೆರಿಕದವರನ್ನು ಕಣ್ಣಾರೆ ಕಂಡವರೂ ಅಲ್ಲ. ಕಾಣದೆ ಕಟ್ಟಿಕೊಂಡ ಚಿತ್ರವನ್ನು ಹಾಕಲು ಅವರಿಗೊಂದು ಗೋಡೆ ಬೇಕಿತ್ತು, ನಮ್ಮ ಅಣ್ಣ ಸಿಕ್ಕಿದ.

ಅವತ್ತು ನಿಮ್ಮ ಪಕ್ಕ ಅವನನ್ನು ನಿಲ್ಲಿಸಿ ಎಲ್ಲರೂ ಫೋನು ಹಿಡಿದರು. ನಿಮ್ಮನ್ನು ಬಿಟ್ಟು ಅವನ ಜೊತೆ ಸೆಲ್ಫಿ ತೆಗೆದುಕೊಂಡವರೂ ಇದ್ದರು. ಅವನು ಎಂದಿನಂತೆ ಮುಖಕ್ಕೆ ಅಂಗೈ ಅಡ್ಡ ಹಿಡಿದ. ಆಗ ನೀವು ಅವನ ಹೆಸರು ಕೇಳಿದಿರಿ. ಅಣ್ಣ ನನ್ನ ಕಡೆ ನೋಡಿದ, ಆಮೇಲೆ ಮೆಲ್ಲಗೆ "ಸಿದ್ದರಾಮೇಶ" ಅಂದ. ಅಲ್ಲಿದ್ದ ಎಷ್ಟೋ ಹುಡುಗರಿಗೆ ಅವನಿಗೆ ಹಾಗೊಂದು ಹೆಸರಿದೆ ಎಂಬುದು ಅವತ್ತೇ ಗೊತ್ತಾಗಿದ್ದು. ನೀವು ಆ ಹೆಸರನ್ನು ಹೇಳಲು ಹೋಗಿ ನಾಲಿಗೆ ತೊಡರಿ, ಮತ್ತೆ ಹೇಳಿ, ಮತ್ತೆ ತೊಡರಿ, ಸೋತು ನೀವೇ ನಕ್ಕಿರಿ. ಅವನು ಅಂಗೈ ತೆಗೆದು ನಕ್ಕ. ಗುಡಿಯ ಕರಿ ಕಂಬದ ನೆರಳಲ್ಲಿ ನಿಲ್ಲಿಸಿ ನೀವು ಫೋಟೋ ತೆಗೆದದ್ದು ಆಗಲೇ. ಡ್ರೈವರ್ ಹತ್ತಿರ ಕಳಿಸಿಕೊಡುತ್ತೇನೆ ಎಂದಿರಿ.

ಆಮೇಲೆ ನೀವು ಹೇಳಿದ್ದನ್ನು ಶಿವಶಂಕರ್ ನಮಗೆ ಹೇಳಿದರು. ನಿಮ್ಮ ಚಿಕ್ಕಮ್ಮನ ಮಗನೂ ನಮ್ಮ ಅಣ್ಣನ ಹಾಗೆಯೇ ಬೆಳ್ಳಗಿದ್ದಾನಂತೆ. ಇಂಥ ಮೈಗೆ ಬಿಸಿಲು ವಿಷವಂತೆ. ನಿಮ್ಮ ತಾತ ಮುತ್ತಾತಂದಿರೆಲ್ಲ ಹುಟ್ಟಿದ್ದು ಅಲ್ಲೇ ಆದರೂ ನಿಮ್ಮ ಊರಿನಲ್ಲೇ ಜನ ನಿಮ್ಮನ್ನು, ಮೂಲದಲ್ಲಿ ಎಲ್ಲಿಯವರು ಎಂದು ಕೇಳುತ್ತಾರಂತೆ. ಅದನ್ನು ಕೇಳಿ ಅಣ್ಣ, "ನನ್ನ ಊರಲ್ಲಿ ಕೇಳೋದೇ ಇಲ್ಲ, ಅವ್ರೇ ಹೇಳ್ತಾರೆ" ಎಂದ. ಈ ಮಾತನ್ನು ಡ್ರೈವರ್ ನಿಮಗೆ ಹೇಳಿದರೋ ಇಲ್ಲವೋ. ಹೊರಡುವಾಗ ನಿಮ್ಮ ಅಗಲ ಅಂಚಿನ ಟೋಪಿಯನ್ನು ಅವನ ತಲೆಗಿಟ್ಟಿರಿ.

ಆ ಟೋಪಿಯನ್ನು ಅವನು ಬಿಡಲೇ ಇಲ್ಲ. "ಕಣ್ಣು ಉರಿಯಲ್ಲ ಕಣವ್ವ" ಎನ್ನುತ್ತಿದ್ದ. ಜನರಿಗೆ ಮಾತ್ರ ಇನ್ನೇನು ಬೇಕು? ಟೋಪಿಯೂ ಬಂತು, ಈಗ ಪೂರಾ ಅಮೆರಿಕ ಎಂದರು.

ಮುಂದಿನ ವರ್ಷ ನಾನು ರಾಯದುರ್ಗಕ್ಕೆ ಬಂದೆ. ಸೋದರತ್ತೆಯ ಮನೆಯಲ್ಲಿದ್ದು ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದೆ. ಸೂರಿನ ಕೆಳಗಿನ ಕೆಲಸ, ಬಿಸಿಲಿಲ್ಲ ಎಂದು ಅಣ್ಣನನ್ನೂ ಕರೆಸಿಕೊಂಡೆವು. ಅವನ ಕಣ್ಣಿಗೆ ನೀಲಿ ಬಟ್ಟೆಯ ಮೇಲೆ ನೀಲಿ ದಾರ ಕಾಣುತ್ತಿರಲಿಲ್ಲ. ಮೆಷಿನ್ ಆಗಲಿಲ್ಲ. ಹೊಲಿದ ಪ್ಯಾಂಟಿನ ತುದಿದಾರವನ್ನು ಬೆರಳಲ್ಲೇ ತಡಕಿ ಕತ್ತರಿಸುವುದನ್ನು ಕಲಿತ. ಖುಷಿಯಾಗಿದ್ದ. ಅಷ್ಟರಲ್ಲಿ ಮಾಲೀಕ ಎರ್ರಿಸ್ವಾಮಿಯವರ ಕಣ್ಣು ಅವನ ಮೇಲೆ, ಆ ಟೋಪಿಯ ಮೇಲೆ ಬಿತ್ತು.

"ಏ ತಮ್ಮಾ, ನೀ ಒಳಗ ಕುಂತು ದಾರ ಯಾಕ ಕತ್ತರಸ್ತೀಯೋ? ಹೊರಗ ಅಂಗಡಿ ಮುಂದ ನಿಂತ್ರ ಸಾಕು, ಇಡೀ ಬಳ್ಳಾರಿ ಜಿಲ್ಲಾ ಓಡಿ ಬರ್ತೈತಿ!"

ಟೋಪಿ, ಕಪ್ಪು ಕನ್ನಡಕ, ಹೊಸ ಜೀನ್ಸ್ ಹಾಕಿಸಿ, ಹಿಂದೆ ನಿಮ್ಮ ದೇಶದ ಬಾವುಟ ಬರುವ ಹಾಗೆ ಫೋಟೋ ತೆಗೆಸಿ ದೊಡ್ಡ ಫ್ಲೆಕ್ಸ್ ಕಟ್ಟಿದರು. ಅದರ ಕೆಳಗೆ ಅವನನ್ನೇ ನಿಲ್ಲಿಸಿದರು. ತೋಳಿಲ್ಲದ ಬನಿಯನ್ ಹಾಕಿಸಿದರು. ಅಮೆರಿಕದವರು ಹಾಗೇ ಇರುತ್ತಾರಂತೆ. ಸಂಜೆ ಮನೆಗೆ ಬಂದವನ ತೋಳು ಕೆಂಡದ ಹಾಗಿತ್ತು. ಬೇಡ ಎಂದೆ. "ಇರ್ಲಿ ಬಿಡೆ ಅಂಜಿ. ಊರಲ್ಲಿ ಪುಕ್ಕಟೆ ಅಮೆರಿಕ ಆಗಿದ್ದೆ, ಇಲ್ಲಿ ಅದಕ್ಕೆ ಕೂಲಿ ಕೊಡ್ತಾರೆ" ಎಂದು ನಕ್ಕ.

ಯಾರೊಂದಿಗೂ ಮಾತಾಡದ ನಾನು ಮಾಲೀಕರ ಹತ್ತಿರ ಹೋದೆ ಅಕ್ಕ. ನೀವು ಹೇಳಿದ್ದನ್ನೆಲ್ಲ ಹೇಳಿದೆ, ಬಿಸಿಲು ವಿಷ ಎಂದೆ.

"ಯಾರವ್ವ ನಿಂಗ ಹೇಳಿದ್ದು?"

"ಅಮೆರಿಕದ ಅಕ್ಕ ಒಬ್ರು."

"ಆ ಕರಿಯಾಕಿನಾ? ಆಕಿ ಯಾವ ಅಮೆರಿಕದಾಕಿ? ನಿಮ್ಮಣ್ಣನೇ ಹೇಳ್ಯಾನ ಬಿಡು, ನಿಮ್ಮೂರ ಮಂದೀನೇ ನಂಬಿಲ್ಲಂತ. ನೋಡವ್ವ ತಂಗಿ, ಅಮೆರಿಕದ ಮಂದಿ ರೊಕ್ಕ ಕೊಟ್ಟು ಸಮುದ್ರದ ದಂಡಿಗೆ ಬಿಸಿಲಾಗ ಮಲಗತಾರ. ಟಿವಿನಾಗ ನೋಡಿಲ್ಲೇನು? ಬಿಳಿ ಚರ್ಮಕ್ಕ ಬಿಸಿಲಂದ್ರ ಟಾನಿಕ್ ಇದ್ದಂಗ."

"ನಮ್ಮಣ್ಣ ಅಮೆರಿಕದೋನಲ್ರೀ. ಹೇಮಾವತಿಯೋನು."

"ಅದು ಗೊತ್ತೈತೇಳವ್ವ. ಚರ್ಮಕ್ಕ ಗೊತ್ತಾಗಬೇಕಲ್ಲ!"

ಸುತ್ತ ಇದ್ದವರೆಲ್ಲ ನಕ್ಕರು. ಅವರ ದನಿಯಲ್ಲಿ ಕೇಡು ಇರಲಿಲ್ಲ, ನಿಜವಾಗಿ ಹಾಗೆಯೇ ನಂಬಿದ್ದರು. ಸುಳ್ಳು ಹೇಳುವವರನ್ನು ಸುಳ್ಳು ಎನ್ನಬಹುದು. ನಂಬಿದವರಿಗೆ ಏನೆಂದು ಹೇಳುವುದು?

ಕಿವಿಯ ಹಿಂದೆ ಒಂದು ಹುಣ್ಣು ಎದ್ದಿತು, ಮಾಯಲಿಲ್ಲ. ಅರಿಸಿನ ಹಚ್ಚಿದೆವು, ಮುಲಾಮು ಹಚ್ಚಿದೆವು. ಬಳ್ಳಾರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅದು ಕುತ್ತಿಗೆಗೆ ಇಳಿದಿತ್ತು. ಈ ಮೈಯಲ್ಲಿ ಬಿಸಿಲನ್ನು ತಡೆಯುವ ಬಣ್ಣವೇ ಇಲ್ಲ, ಇಷ್ಟು ದಿನ ಇವನನ್ನು ಬಿಸಿಲಲ್ಲಿ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರು. ನೀವು ಗುಡಿಯ ಮುಂದೆ ಹೇಳಿದ ಅದೇ ಮಾತು.

ಆಸ್ಪತ್ರೆಯ ಒಂದು ದಿನವನ್ನು ನಿಮಗೆ ಹೇಳಲೇಬೇಕು. ವಾರ್ಡಿನ ಆಯಾ ನಮ್ಮ ಊರು ಕೇಳಿದಳು. ಮಡಕಶಿರಾ ಕಡೆ ಎಂದೆ. "ಆಂಧ್ರದೋರಾ? ಹಂಗಾದ್ರ ಕೇಳೋದೇ ಬ್ಯಾಡ. ಖಾರ ತಿಂದು ತಿಂದು ಮೈಯೆಲ್ಲ ಹುಣ್ಣು ಮಾಡ್ಕೊಂತೀರಿ. ಏ ತಮ್ಮ, ಇನ್ನ ಮ್ಯಾಲೆ ಖಾರ ಮುಟ್ಟಬ್ಯಾಡ!" ಎಂದು ಗದರಿದಳು. ಅವಳು ಹೋದ ಮೇಲೆ ಅಣ್ಣ ಕತ್ತು ಹೊರಳಿಸಲಾರದೆ ಕಣ್ಣಲ್ಲೇ ನನ್ನನ್ನು ಕರೆದ. "ಅಂಜಿ, ಕೇಳಿಸ್ತೇನೆ? ನಾನು ಆಂಧ್ರದೋನಂತೆ ಕಣೆ. ಖಾರ ಜಾಸ್ತಿ ತಿಂತೀನಂತೆ!" ಅಷ್ಟು ಸಂತೋಷವಾಗಿದ್ದ. ನಮ್ಮ ನಾಡಿನವರ ಮೇಲೆ ಹೊರಗಿನವರು ಹೊರಿಸುವ ಮಾತು ಕೂಡ ಅವನಿಗೆ ಹಬ್ಬದ ಬಟ್ಟೆಯ ಹಾಗೆ ಕಂಡಿತು. ಅದನ್ನು ಒಂದು ವಾರ ಉಟ್ಟುಕೊಂಡ, ಅಷ್ಟೇ.

ಹೇಮಾವತಿಯಲ್ಲೇ ಮಣ್ಣು ಮಾಡಿದೆವು.

ಈಗ ಅವ್ವನಿಗೆ ಒಂದು ಫೋಟೋ ಬೇಕು. ತಿಥಿಗೆ ಇಡಲು ಹುಡುಕಿದೆವು. ಆಧಾರ್ ಕಾರ್ಡಿನಲ್ಲಿ ಬೆಳಕಿಗೆ ಕಣ್ಣು ಮುಚ್ಚಿದ್ದಾನೆ, ಬಿಳಿ ಕಾಗದದ ಮೇಲೆ ಎರಡು ತುಟಿ ಮಾತ್ರ ಇವೆ. ಊರಿನ ಫೋನುಗಳಲ್ಲಿ ಅಡ್ಡ ಹಿಡಿದ ಅಂಗೈ ಇದೆ. ಕೊನೆಗೆ ಫ್ಲೆಕ್ಸಿನ ಚಿತ್ರವನ್ನೇ ಸ್ಟುಡಿಯೋದವರು ಚಿಕ್ಕದು ಮಾಡಿ, ಬಾವುಟ ಅಳಿಸಿ, ಚೌಕಟ್ಟು ಹಾಕಿಕೊಟ್ಟರು. ಟೋಪಿ, ಕನ್ನಡಕ ಅಳಿಸಲು ಬರಲಿಲ್ಲ, ಅವುಗಳ ಕೆಳಗೆ ಮುಖವೇ ಇಲ್ಲ. ಅವ್ವ ಅದಕ್ಕೆ ಹೂವಿಡುವುದಿಲ್ಲ. ಇಡೀ ಊರಿಗೆ ಹೂ ಮಾರುವವಳು ಮಗನ ಫೋಟೋದ ಮುಂದೆ ಬರಿಗೈಲಿ ಕೂತು ನನ್ನನ್ನು ಕೇಳುತ್ತಾಳೆ: "ಯಾರೇ ಇವ್ನು? ಯಾವ ದೇಶದೋನೇ?"

ಅವನ ಮುಖ, ಬರೀ ಅವನ ಮುಖ, ನಿಮ್ಮ ಫೋನಿನಲ್ಲಿ ಮಾತ್ರ ಇದೆ ಅಕ್ಕ. ಶಿವಶಂಕರ್ ಅವರ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿ ರಾಂಗ್ ನಂಬರ್ ಎನ್ನುತ್ತಾರೆ. ನಿಮ್ಮ ಮನೆತನದ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಇಲ್ಲಿನ ಪುರಸಭೆ ಆಫೀಸಿನ ಒಬ್ಬರನ್ನು ಕೇಳಿದೆ. "ಅಮೆರಿಕದಲ್ಲಿ ಯಾರನ್ನಾದರೂ ಕಂಪ್ಯೂಟರ್‌ನಲ್ಲಿ ಹುಡುಕಬಹುದು, ಹೇಗಿದ್ದಾರೆ ಹೇಳು" ಎಂದರು. ಹೇಳಿದೆ. "ಆಫ್ರಿಕಾದವರು ಇರಬೇಕು, ಸರಿಯಾಗಿ ನೆನಪು ಮಾಡಿಕೊ" ಎಂದರು. ಎದ್ದು ಬಂದೆ. ನೀವು ಆ ಫೋಟೋ ಅಳಿಸಿರಬಹುದು, ಫೋನೇ ಬದಲಾಗಿರಬಹುದು. ನೂರು ಗುಡಿ ನೋಡಿದವರು ನೀವು.

ಫ್ಲೆಕ್ಸ್ ಮಾತ್ರ ಇನ್ನೂ ಇದೆ. ತೆಗೆಯಿರಿ ಎಂದು ಅತ್ತು ಕೇಳಿದೆ. "ಅಲ್ಲಾದ್ರೂ ಬದುಕಿರ್ಲಿ ಬಿಡವ್ವ" ಎಂದರು ಎರ್ರಿಸ್ವಾಮಿಯವರು, ಅವರ ಕಣ್ಣಲ್ಲೂ ನೀರಿತ್ತು. ದಿನಾ ಕೆಲಸಕ್ಕೆ ಹೋಗುವಾಗ ಅದರ ಕೆಳಗೆ ಹಾದುಹೋಗುತ್ತೇನೆ. ಬಣ್ಣ ಸುಟ್ಟು, ನಿಮ್ಮ ಟೋಪಿ ಬಿಳಿಚಿಕೊಂಡು, ಅಂಚು ಸೀಳಿದೆ. ರಾಯದುರ್ಗದ ಬಿಸಿಲು ನೀವು ಕಂಡಿಲ್ಲ. ನಮ್ಮ ಅಣ್ಣ ಅದರಲ್ಲಿ ಇನ್ನೂ ನಿಂತೇ ಇದ್ದಾನೆ ಅಕ್ಕ.

ನೀವು ಎಲ್ಲೇ ಇರಿ, ಯಾವ ಊರಿನವರೆಂದು ಯಾರೇ ಕೇಳಲಿ, ಹೇಮಾವತಿಯ ಸಿದ್ಧೇಶ್ವರ ನಿಮ್ಮನ್ನೂ ನಿಮ್ಮ ಚಿಕ್ಕಮ್ಮನ ಮಗನನ್ನೂ ನೆರಳಲ್ಲಿಟ್ಟಿರಲಿ.

ಇತಿ,
ಸಿದ್ದರಾಮೇಶನ ತಂಗಿ
ಅಂಜನಾ