ಕೊಕ್ಕರೆ ಗುರುತಿನ ಕಾರು

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿಗೆ ಅಣ್ಣನ ಆಶೀರ್ವಾದಗಳು.

ಅರವತ್ತೆರಡು ದಾಟಿದವಳನ್ನು ಇನ್ನೂ ಪುಟ್ಟಿ ಅನ್ನುತ್ತಾನಲ್ಲ ಎಂದು ಗೊಣಗಬೇಡ. ನಿನ್ನ ಪತ್ರ ಬಂದು ಏಳು ತಿಂಗಳಾಯಿತು. ಅದು ನನ್ನ ಕನ್ನಡಕದ ಡಬ್ಬಿಯಲ್ಲೇ ಮಡಚಿಕೊಂಡು ಕೂತಿದೆ. ಪೇಪರ್ ಓದಲು ಕನ್ನಡಕ ತೆಗೆದಾಗಲೆಲ್ಲ ಕೈಗೆ ತಾಗುತ್ತದೆ. ಮಂಡಿನೋವು, ಕಣ್ಣಿನ ಪೊರೆ, ಮಗಳ ಮನೆಯ ಓಡಾಟ ಅಂತ ನೂರು ನೆಪ ಹೇಳಬಹುದು, ಆದರೆ ನೀನು ಒಂದನ್ನೂ ನಂಬುವವಳಲ್ಲ. ಎರಡು ಸಲ ಫೋನು ಮಾಡಿದೆ, ನೀನು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ. ನಾನೇ ಅಂತ ನಿನಗೆ ಗೊತ್ತಾಗಿರುತ್ತದೆ. ನೀನೂ ತಿರುಗಿ ಮಾಡಲಿಲ್ಲ.

ನಿನ್ನ ಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಭಾವನಿಗೆ ಈಗ ನೀನು ಯಾರೆಂದು ತಿಳಿಯುವುದಿಲ್ಲ, ಮಕ್ಕಳ ಹೆಸರು ಮರೆತಿದೆ, ಉಂಡದ್ದೂ ಮರೆತುಹೋಗುತ್ತದೆ, ಆದರೆ ಹೊರಗೆ ಕಾರಿನ ಸದ್ದಾದರೆ ಸಾಕು, ಎರಡೂ ಕೈಗಳನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು "ನನ್ನ ಕೈ ಸರಿ ಇಲ್ಲ" ಅನ್ನುತ್ತಾರೆ ಅಂತ ಬರೆದಿದ್ದೆ. "ಎಲ್ಲಾ ಮರೆತ ಮನುಷ್ಯನಿಗೆ ಇದೊಂದು ಯಾಕೆ ಉಳೀಬೇಕು? ನಿಜ ಹೇಳು ಅಣ್ಣಾ, ಆವತ್ತು ಗೇರ್‌ಬಾಕ್ಸ್ ಹಾಳಾಗಿದ್ದು ಇವರ ಕೈಯಿಂದಲೇನಾ?" ಅಂತ ಕೇಳಿದ್ದೆ.

ಅದಕ್ಕೆ ಬರುತ್ತೇನೆ. ಮೊದಲು ನನ್ನ ಕಾರಿನ ಕಥೆ ಕೇಳು. ಅದನ್ನು ದಾಟದೆ ನಿನ್ನ ಪ್ರಶ್ನೆಯ ಹತ್ತಿರ ಬರಲು ನನಗೆ ಆಗುತ್ತಿಲ್ಲ. ಲಕೋಟೆಯಲ್ಲಿ ಒಂದು ಸಣ್ಣ ಪೊಟ್ಟಣ ಇದೆ. ಪತ್ರ ಮುಗಿಯುವ ತನಕ ಬಿಚ್ಚಬೇಡ.

ನಾನು ಮೂವತ್ತೊಂದು ವರ್ಷ ಕೊಕ್ಕರೆ ಗುರುತಿನ ಕಾರಿನ ಕಂಪನಿಯ ವರ್ಕ್‌ಶಾಪಿನಲ್ಲಿ ದುಡಿದವನು, ಕೊನೆಯ ಹನ್ನೊಂದು ವರ್ಷ ಫೋರ್‌ಮನ್. ಮೂತಿಯ ಮೇಲೆ ಬೆಳ್ಳಿ ಕೊಕ್ಕರೆ ಇರುವ ಕಾರು ಬೀದಿಯಲ್ಲಿ ಹೋದರೆ, ಊಟದ ತಟ್ಟೆ ಬಿಟ್ಟು ಕಿಟಕಿಗೆ ಬರುತ್ತಿದ್ದೆ. ಲೋಕದಲ್ಲಿ ಎಲ್ಲವೂ ಕೆಡುತ್ತದೆ, ಕೊಕ್ಕರೆ ಕೆಡುವುದಿಲ್ಲ, ಕೆಟ್ಟರೆ ಅದು ಓಡಿಸಿದವನ ತಪ್ಪು ಅಂತ ನಂಬಿದ್ದೆ. ನಿನ್ನ ಮದುವೆಯಾದ ಹೊಸದರಲ್ಲಿ ಭಾವನ ಕಿವಿಯಲ್ಲೂ ಅದನ್ನೇ ಊದಿದೆ. ಅವರು ಪೈಸೆಗೆ ಪೈಸೆ ಕೂಡಿಸಿ ಕೊನೆಗೂ ಒಂದು ಕೊಕ್ಕರೆ ಕೊಂಡು, ಹೋಟೆಲಿನ ಅತಿಥಿಗಳನ್ನು ಕರೆದೊಯ್ಯಲು ಬಾಡಿಗೆಗೆ ಹಾಕಿದ್ದು ನನ್ನ ಮಾತು ಕೇಳಿಯೇ. ನನ್ನ ಸ್ವಂತದ ಆಸೆ ಈಡೇರಿದ್ದು ನಿವೃತ್ತಿಯಾದ ಮೇಲೆ, ನಾಲ್ಕು ವರ್ಷದ ಹಿಂದೆ. ಒಬ್ಬ ಕಣ್ಣಿನ ಡಾಕ್ಟರು ಓಡಿಸಿ ಬಿಟ್ಟದ್ದು, ಭಾವನ ಕಾರಿನದೇ ಮಾಡೆಲು. ತಂದ ದಿನ ನಿನ್ನ ಅತ್ತಿಗೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಚೆನ್ನಾಗಿದೆ. ಇದಕ್ಕೂ ಮಂಡಿನೋವು ಇಲ್ಲ ತಾನೇ?" ಅಂದಳು. ಅವಳ ನಾಲಿಗೆಯ ಮೇಲೆ ಅದೇನು ಮಚ್ಚೆಯೋ ಕಾಣೆ, ಅಂದದ್ದೇ ಆಯಿತು.

ಒಂದು ಬೆಳಿಗ್ಗೆ ಹಾಲು ತರಲು ಹೋದವಳು ಗೇಟಿನಿಂದಲೇ ಕೂಗಿದಳು. "ನಿಮ್ಮ ಕೊಕ್ಕರೆ ಇವತ್ತು ಒಂಟಿ ಕಾಲಲ್ಲಿ ನಿಂತಿದೆ, ಬಂದು ನೋಡಿ." ಮುಂದಿನ ಎಡಗಡೆ ನೆಲಕ್ಕೆ ಕೂತಿತ್ತು. ಈ ಕಾರಿಗೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳಿರುತ್ತವೆ, ಅದರಲ್ಲೊಂದು ಒಡೆದಿತ್ತು. ಅದನ್ನು ಹಾಕಿಸಿದೆ. ತಿಂಗಳೊಳಗೆ ಬಲಗಡೆಯದು ಹೋಯಿತು, ಆಮೇಲೆ ಗಾಳಿ ತುಂಬುವ ಪಂಪು. ಎಷ್ಟಾಯಿತು ಅಂತ ಕೇಳಬೇಡ. ಆನೆ ಸಾಕಿದ್ದರೆ ಮೇಲೆ ಕೂತು ಮೆರವಣಿಗೆಯಾದರೂ ಹೋಗಬಹುದಿತ್ತು. ಆದರೂ ನನ್ನ ನಂಬಿಕೆ ಅಲ್ಲಾಡಲಿಲ್ಲ. ಡಾಕ್ಟರು ಸರಿಯಾಗಿ ನೋಡಿಕೊಂಡಿಲ್ಲ ಅಂತ ಅವರನ್ನೇ ಬೈದುಕೊಂಡೆ.

ಹೋದ ವರ್ಷ ಸಿಗ್ನಲ್ಲಿನಲ್ಲಿ ಗಾಡಿ ಎರಡನೇ ಗೇರಿನಲ್ಲಿ ಕಚ್ಚಿಕೊಂಡಿತು. ಎಷ್ಟು ಒತ್ತಿದರೂ ಗುರ್ ಅನ್ನುವುದೇ ಹೊರತು ಮುಂದೆ ಏರುವುದಿಲ್ಲ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕ. ಹಾಗೇ ತೆವಳಿಸಿಕೊಂಡು ನನ್ನ ಹಳೆಯ ವರ್ಕ್‌ಶಾಪಿಗೆ ಹೋದೆ.

ಅಲ್ಲಿ ಈಗ ಎಲ್ಲ ಗಾಜು. ಗ್ರೀಸಿನ ವಾಸನೆ ಹೊರಗೆ ಬಾರದಂತೆ ಬಾಗಿಲು ಹಾಕಿರುತ್ತಾರೆ. ಟೈ ಕಟ್ಟಿದ ಹುಡುಗ ನನ್ನನ್ನು ಗುರುತಿಸದೆ ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟ. ಒಂದು ಗಂಟೆಯ ಮೇಲೆ ಬಂದು, ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸಬೇಕು ಅಂದ. ಒಮ್ಮೆ ಬಿಚ್ಚಿ ನೋಡಬಾರದೇ ಅಂತ ಕೇಳಿದೆ.

"ಕಂಪನಿ ಬಿಚ್ಚಲ್ಲ ಸರ್, ಬದಲಾಯಿಸುತ್ತೆ. ಬಿಚ್ಚಿದ್ದು ಮತ್ತೆ ಮೊದಲಿನ ಹಾಗೆ ಆಗಲ್ಲ" ಅಂದ.

ಪುಟ್ಟಿ, ಅದು ನನ್ನ ಮಾತು. ಅಕ್ಷರಕ್ಕೆ ಅಕ್ಷರ ನನ್ನದು. ಫೋರ್‌ಮನ್ ಆದ ಮೇಲೆ ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿಪಾಠ ಮಾಡಿಸುತ್ತಿದ್ದೆ. ನನ್ನ ಮಾತನ್ನು ನನಗೇ ಬಡಿಸಿದಾಗ ಉಣ್ಣದೆ ಬೇರೆ ದಾರಿ ಇರಲಿಲ್ಲ. ಅತ್ತಿಗೆಯ ಮಂಡಿ ಆಪರೇಷನ್ನಿಗೆ ಇಟ್ಟಿದ್ದ ಠೇವಣಿ ಮುರಿಸಿ ಹೊಸ ಗೇರ್‌ಬಾಕ್ಸ್ ಹಾಕಿಸಿದೆ. ಮನೆಗೆ ಬಂದು ಹೇಳಿದಾಗ ಅವಳು ಕೋಲು ಊರಿಕೊಂಡು ಎದ್ದು ಒಳಗೆ ಹೋದಳು.

ಮೂರೇ ವಾರ. ಮತ್ತೆ ಎರಡನೇ ಗೇರು. ಮತ್ತೆ ಅದೇ ಸೋಫಾ. ಹೊಸದಕ್ಕೆ ಗ್ಯಾರಂಟಿ ಇದೆಯಲ್ಲಪ್ಪ ಅಂದೆ. ಹುಡುಗ ಕಂಪ್ಯೂಟರ್ ನೋಡಿ ದನಿ ತಗ್ಗಿಸಿದ. "ಗ್ಯಾರಂಟಿ ಇದಕ್ಕೆ ಬರಲ್ಲ ಸರ್. ಡ್ರೈವರ್ ತಪ್ಪು ಬಳಕೆ ಅಂತ ತೋರಿಸ್ತಿದೆ. ಗಾಡಿ ಪೂರ್ತಿ ನಿಲ್ಲೋ ಮುಂಚೇನೇ ರಿವರ್ಸ್‌ಗೆ ಹಾಕ್ತೀರಾ ಅನ್ಸುತ್ತೆ. ವಯಸ್ಸಾದ ಮೇಲೆ ಕೈ ಸ್ವಲ್ಪ..." ಅಂತ ಅಷ್ಟಕ್ಕೇ ಬಿಟ್ಟ.

ನಾನು ನನ್ನ ಕೈ ನೋಡಿಕೊಂಡೆ. ಆಮೇಲೆ ಎರಡನ್ನೂ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಹಾಕಿಕೊಂಡ ಮೇಲೆಯೇ ನಿನ್ನ ಪತ್ರದಲ್ಲಿದ್ದ ಭಾವನ ಹೊದಿಕೆ ನೆನಪಾದದ್ದು. ಕಾಫಿ ಹಾಗೇ ಬಿಟ್ಟು ಎದ್ದು ಬಂದೆ.

ಅತ್ತಿಗೆ ಕಾಯುತ್ತಿದ್ದಳು. "ನೆಚ್ಚಿದ ಎಮ್ಮೆ ಕೋಣ ಈಯಿತು ಅಂತಾರಲ್ಲ, ಹಾಗಾಯ್ತು ಬಿಡಿ. ಈಗಲಾದ್ರೂ ಆ ಮೂಗನ ಹತ್ರ ಹೋಗಿ" ಅಂದಳು. ಮೂಗ ಅಂದರೆ ಮಾತು ಬಾರದವನಲ್ಲ. ಎಣ್ಣೆಯನ್ನು ಮೂಸಿಯೇ ಗಾಡಿಯ ರೋಗ ಹೇಳುತ್ತಿದ್ದ ನನ್ನ ಕೈಕೆಳಗಿನ ಮೆಕ್ಯಾನಿಕ್. ಒಬ್ಬ ಗಿರಾಕಿಯ ಗೇರ್‌ಬಾಕ್ಸನ್ನು ಕದ್ದು ಬಿಚ್ಚಿ ಸರಿಮಾಡಿದ ಅಂತ ಹತ್ತು ವರ್ಷದ ಹಿಂದೆ ನಾನೇ ಅವನನ್ನು ಕೆಲಸದಿಂದ ತೆಗೆಸಿದ್ದೆ. ಈಗ ಟೈರ್ ಅಂಗಡಿಯ ಹಿಂದೆ ತಗಡಿನ ಶೆಡ್ ಹಾಕಿಕೊಂಡಿದ್ದಾನೆ. ಅವನ ಮುಂದೆ ಗಾಡಿ ನಿಲ್ಲಿಸಿದಾಗ ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಉಳಿದದ್ದನ್ನು ನಾಳೆ ಬರೆಯುತ್ತೇನೆ. ಅಕ್ಷರ ಸೊಟ್ಟಗಾಗುತ್ತಿದೆ.

ಮಂಗಳವಾರ

ನಾಳೆ ಅಂದವನು ಎರಡು ದಿನ ಕಳೆದೆ.

ಮೂಗ ಗಾಡಿಯ ಕೆಳಗೆ ನುಸುಳಿ, ಗೇರ್‌ಬಾಕ್ಸಿಗೆ ಸಿಕ್ಕಿಸಿದ ವೈರಿನ ಪ್ಲಗ್ಗನ್ನು ಕಿತ್ತು, ಬೆರಳು ತಾಗಿಸಿ ಮೂಸಿದ. "ಪ್ಲಗ್ಗಲ್ಲಿ ಎಣ್ಣೆ ಇದೆ" ಅಂದ. ಕಾಯಿಲೆ ಅಷ್ಟೇ. ಆ ಪ್ಲಗ್ಗು ಕೂರುವ ಜಾಗದಲ್ಲಿ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಕೊಳವೆ ಇದೆ, ಅದಕ್ಕೆ ಎರಡು ರಬ್ಬರ್ ಉಂಗುರ. ಉಂಗುರ ಸವೆದರೆ ಎಣ್ಣೆ ಜಿನುಗುತ್ತದೆ, ವೈರು ಹಿಡಿದು ಮೇಲೆ ಹತ್ತಿ ಗಾಡಿಯೊಳಗಿನ ಕಂಪ್ಯೂಟರಿಗೆ ಹೋಗುತ್ತದೆ, ಅದು ಹೆದರಿ ಎರಡನೇ ಗೇರಿನಲ್ಲಿ ಕೂತುಬಿಡುತ್ತದೆ. ವರ್ಕ್‌ಶಾಪಿನವರು ಹೊಸ ಗೇರ್‌ಬಾಕ್ಸಿಗೆ ಆ ಹಳೆಯ ಕೊಳವೆಯನ್ನೇ ಸಿಕ್ಕಿಸಿದ್ದರು.

ಮೂಗ ಹೊಸದೊಂದು ಹಾಕಿ, ವೈರು ಒರೆಸಿ ಒಣಗಿಸಿದ. ಚಹಾ ಕುಡಿದದ್ದೂ ಸೇರಿ ಅರ್ಧ ಗಂಟೆ. "ಪ್ಲಗ್ಗಲ್ಲಿ ಎಣ್ಣೆ ಕಂಡ್ರೆ ಸಾಕು ಅಣ್ಣ, ಬಿಚ್ಚೋದೂ ಬೇಡ. ಕಣ್ಣಿದ್ದೋರಿಗೆ ಅಷ್ಟೇ ಸಾಕು" ಅಂದ. ಇದು ಹೊಸ ರೋಗವೇನೋ ಅಂತ ಕೇಳಿದೆ. "ಈ ಮಾಡೆಲ್ ಹುಟ್ಟಿದಾಗಿಂದ ಇದೆ" ಅಂದ. ಆಮೇಲೆ ಕೇಳಬಾರದಾಗಿತ್ತು, ಕೇಳಿದೆ. "ನಮ್ಮ ಭಾವನ ಗಾಡಿಯಲ್ಲೂ?"

ಅವನು ಕೈ ಒರೆಸುತ್ತಿದ್ದವನು ನಿಲ್ಲಿಸಿ ನನ್ನನ್ನೇ ನೋಡಿದ. "ಅದನ್ನ ನನ್ನ ಕೇಳ್ತೀರಾ? ಆವತ್ತು ಗಾಡಿ ಕೆಳಗೆ ಮಲಗಿದ್ದೋರು ನೀವು. ನಾನು ಟಾರ್ಚ್ ಹಿಡ್ಕೊಂಡು ಹೊರಗೆ ನಿಂತಿದ್ದೆ" ಅಂದು ಲೋಟ ತೊಳೆಯಲು ಹೋದ.

ಈಗ ಗಾಡಿ ಬೆಣ್ಣೆಯ ಹಾಗೆ ಓಡುತ್ತದೆ. ನಾನು ಓಡಿಸುವುದಿಲ್ಲ. ಅರ್ಧ ಬೆಲೆಗೂ ಕೇಳುವವರಿಲ್ಲ. ಟಾರ್ಪಾಲು ಹೊದಿಸಿ ನಿಲ್ಲಿಸಿದ್ದೇನೆ. ಅತ್ತಿಗೆ ಅದರ ಪಕ್ಕದಲ್ಲೇ ಕೋಲು ಊರಿಕೊಂಡು ಹಾಲಿಗೆ ಹೋಗುತ್ತಾಳೆ. "ಮಂಡಿಗೂ ಎರಡು ರಬ್ಬರ್ ಉಂಗುರ ಸಿಗುತ್ತಾ ಕೇಳಿ ನಿಮ್ಮ ಮೂಗನನ್ನ" ಅನ್ನುತ್ತಾಳೆ. ಆಪರೇಷನ್ ಇನ್ನು ಆಗುವ ಹಾಗಿಲ್ಲ. ಅವಳು ನಗುತ್ತಾಳೆ, ನನಗೆ ನಗಲು ಬರುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಇಲ್ಲ ಪುಟ್ಟಿ, ಭಾವನ ಕೈಯಿಂದ ಆದದ್ದಲ್ಲ. ಹದಿನೈದು ವರ್ಷದ ಹಿಂದೆ ಅವರ ಗಾಡಿ ಎರಡನೇ ಗೇರಿನಲ್ಲಿ ನಿಂತದ್ದೂ ಹೀಗೆಯೇ. ವರ್ಕ್‌ಶಾಪಿನ ತಪಾಸಣೆ ಚೀಟಿಯಲ್ಲಿ "ಚಾಲಕನ ತಪ್ಪು ಬಳಕೆ" ಅಂತ ಬರೆದವನು ನಾನು. ಅದರ ಮೇಲೆ ಅವರು ಹೊಸ ಗೇರ್‌ಬಾಕ್ಸ್ ಹಾಕಿಸಲಾಗದೆ ಗಾಡಿಯನ್ನು ಗುಜರಿ ಬೆಲೆಗೆ ಕೊಟ್ಟರು. ಎಷ್ಟೋ ವರ್ಷ ಯಾವ ಗಾಡಿಗೂ ಒಂದು ಗೀರು ಬೀಳಿಸದೆ ಓಡಿಸಿದ ಮನುಷ್ಯ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ, ಶಾಲೆಯೊಂದರ ಗೇಟು ಕಾಯಲು ಕೂತರು. ನಾವು ಕಂಪನಿಯ ಮಾತು ನಂಬಿದೆವು. ಆಗ ಇದು ಯಾರಿಗೂ ಗೊತ್ತಿರಲಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅವರನ್ನು ಎತ್ತಿ ಕೂರಿಸುವಾಗ ನಿನ್ನ ಸೊಂಟ ಜೋಪಾನ. ಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸು. ನಿನಗೂ ಭಾವನಿಗೂ ಇನ್ನು ಮುಂದಿನ ದಿನಗಳಾದರೂ ಹಗುರವಾಗಲಿ ಅಂತ ಮಾತ್ರ ಹಾರೈಸಬಲ್ಲೆ.

ಇಂತಿ,
ನಿನ್ನ ಅಣ್ಣ

ಮರೆತಿದ್ದ ಮಾತು: ಮರೆತಿದ್ದದ್ದಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. "ಯಾರಿಗೂ ಗೊತ್ತಿರಲಿಲ್ಲ" ಅಂತ ಮೇಲೆ ಬರೆದಿದ್ದೇನೆ. ಅದು ಸುಳ್ಳು. ಆವತ್ತು ಭಾವನ ಗಾಡಿಯ ಕೆಳಗೆ ಮಲಗಿ ಪ್ಲಗ್ಗು ಕಿತ್ತಾಗ ಎಣ್ಣೆ ಕಂಡಿತು. ಅದರ ಅರ್ಥ ನನಗೆ ಗೊತ್ತಿತ್ತು. ಅವರ ಗಾಡಿಗೆ ಇನ್ನೂ ನಾಲ್ಕು ತಿಂಗಳ ಗ್ಯಾರಂಟಿ ಇತ್ತು. ತಪ್ಪು ಕಂಪನಿಯದು ಅಂತ ಬರೆದರೆ ಕಂಪನಿಯೇ ಸರಿಮಾಡಿಸಿ ಕೊಡಬೇಕಿತ್ತು. ಈ ರೋಗವನ್ನು ಕಾಗದದ ಮೇಲೆ ಒಪ್ಪಿಕೊಳ್ಳಬೇಡ ಅಂತ ಮ್ಯಾನೇಜರು ಹೇಳಿದ್ದರು. ಜೇಬಿನ ಬಟ್ಟೆ ತೆಗೆದು ಎಣ್ಣೆ ಒರೆಸಿ ಹೊರಗೆ ಬಂದೆ. ಅದೇ ತಿಂಗಳು ನನ್ನನ್ನು ಫೋರ್‌ಮನ್ ಮಾಡಿದರು. ನನ್ನ ಗಾಡಿ ನಿಂತಾಗಲೂ ಮೊದಲು ನೆನಪಾದದ್ದು ಆ ಎಣ್ಣೆಯೇ, ಕಂಡರೆ ಭಾವನದ್ದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ ಅಂತ ಪ್ಲಗ್ಗು ಕಿತ್ತು ನೋಡಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಾನು ಕಳೆದದ್ದು ನನ್ನ ಮಾನವನ್ನಲ್ಲ, ಭಾವನದ್ದನ್ನು.

ಹೊರಗೆ ಬಂದಾಗ ಅವರು ಕೇಳಿದ್ದು ಒಂದೇ ಮಾತು. "ನನ್ನ ಕೈಯಿಂದಲೇ ಆಯ್ತಾ?" ನಾನು ಹೂಂ ಅಂದೆ. "ನೀನೇ ಹೇಳಿದ ಮೇಲೆ ಮುಗೀತು ಬಿಡು" ಅಂದರು.

ಈಗ ಪೊಟ್ಟಣ ಬಿಚ್ಚು. ಆ ಕೊಳವೆ ನನ್ನ ಗಾಡಿಯದು. ಅವರದ್ದೂ ಇಷ್ಟೇ ಇತ್ತು. ಅವರ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಅಂಗೈಯಲ್ಲಿ ಇದನ್ನು ಇಡು, ಹಾಳಾಗಿದ್ದು ಇದು, ನಿಮ್ಮ ಕೈಯಲ್ಲ ಅಂತ ಹೇಳು. ಅವರಿಗೆ ತಿಳಿಯುವುದಿಲ್ಲ ಅಂತ ನನಗೆ ಗೊತ್ತು. ನೀನು ಯಾರೆಂಬುದನ್ನೂ ಮರೆತ ಮನುಷ್ಯ, ನಾನು ಅಂದ ಆ ಒಂದು ಹೂಂ ಮಾತ್ರ ಮರೆತಿಲ್ಲ.