ಕೌಂಟರಿನ ಮೇಲಿನ ಬಾಟಲಿ

ಮನೆ, ಶನಿವಾರ
ಜೂನ್ ೧೪

ನನ್ನ ಚೂಟಿ ಮಗಳೇ,

ನೆಗಡಿ ಇಳಿಯಿತೇ? ಆಫೀಸಿನ ಎಸಿ ನೇರವಾಗಿ ತಲೆಯ ಮೇಲೇ ಬೀಸುತ್ತದೆ ಎಂದಿದ್ದೆಯಲ್ಲ, ಕುರ್ಚಿಯನ್ನು ಆಚೆ ಎಳೆದು ಹಾಕಿಕೊಳ್ಳಲು ಯಾರ ಅಪ್ಪಣೆ ಬೇಕು? ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ. ಕೇಳಿದರೆ "ಪರವಾಗಿಲ್ಲ" ಎನ್ನುತ್ತಾರೆ. ಅವರ ನಿಘಂಟಿನಲ್ಲಿರುವುದು ಅದೊಂದೇ ಪದ.

ನೀನು ಮಾಡಿ ಮೊಬೈಲಿಗೆ ಕಳಿಸಿದ ಆಟ ಆಡಿದೆ. ನೀರು ಸರಬರಾಜು ಕಚೇರಿಗೆ ಹೊಸದಾಗಿ ಸೇರುವ ಗುಮಾಸ್ತರು ಜನರೊಂದಿಗೆ ಮಾತಾಡುವುದನ್ನು ಕಲಿಯಲೆಂದು ಮಾಡಿದ್ದು ಎಂದಷ್ಟೇ ಬರೆದಿದ್ದೆ. ಉಳಿದದ್ದನ್ನು ಮುಚ್ಚಿಟ್ಟಿದ್ದೆ, ಕಳ್ಳಿ! ನಾನು ಗುಮಾಸ್ತೆಯಾಗಿ ಕೌಂಟರಿನ ಒಳಗೆ ಕೂತೆ. ಪರದೆಯ ಮೇಲೆ ಒಬ್ಬ ಹೆಂಗಸು ಬಂದಳು, ಕಂದು ನೀರಿನ ಬಾಟಲಿಯನ್ನು ಟಪ್ಪೆಂದು ಎದುರಿಗಿಟ್ಟಳು. "ಇದನ್ನ ನಿಮ್ಮ ಮಕ್ಕಳಿಗೆ ಕುಡಿಸ್ತೀರಾ?" ನನ್ನ ಮಾತು, ನನ್ನ ಕನ್ನಡಕ, ಕೊಡೆಯನ್ನು ಕೌಂಟರಿಗೆ ನೇತುಹಾಕುವ ನನ್ನದೇ ಅಭ್ಯಾಸ! ನಾನು ಇಂಥದೇ ಬಾಟಲಿ ಹಿಡಿದು ನೀರಿನ ಕಚೇರಿಗೆ ಹೋದ ಅಂದು ನೀನು ಆ ಕೌಂಟರಿನಷ್ಟೂ ಎತ್ತರವಿರಲಿಲ್ಲ, ನನ್ನ ಕೈಹಿಡಿದು ನಿಂತಿದ್ದೆ. ಮರೆತಿರುತ್ತೀಯ ಎಂದುಕೊಂಡಿದ್ದೆ. ನಾನಂತೂ ಮರೆತಿಲ್ಲ. ಅಂದಿನ ಗುಮಾಸ್ತ ಮಹಾನುಭಾವ ಬಾಟಲಿಯತ್ತ ಕಣ್ಣೆತ್ತಿಯೂ ನೋಡದೆ, "ನಿಮ್ಮ ದೂರು ದಾಖಲಾಗಿದೆ" ಎಂದು ಹಿಂದಿದ್ದವರನ್ನು ಕರೆದಿದ್ದ.

ಪರದೆಯ ಕೆಳಗೆ ಮೂಡಿದ ಉತ್ತರಗಳಲ್ಲಿ ಕ್ಷಮೆ ಕೇಳುವುದನ್ನು ಆರಿಸಿದೆ. ಅವಳು ಇನ್ನಷ್ಟು ಕೆರಳಿದಳು. ನಿಯಮ ಹೇಳಿದೆ, ಹೇಳಬಾರದಿತ್ತು. ಮೇಲಧಿಕಾರಿಯ ಬಳಿ ಕಳಿಸಿದೆ. ಅವರನ್ನೂ ಬೈದು ನನ್ನ ಬಳಿಗೇ ಬಂದಳು. ನನ್ನ ಬಾಯಿಗೆ ನಾನೇ ಸೋತೆ. ಆಗ ಅಪ್ಪ ಬಂದು, ಉತ್ತರಗಳನ್ನು ಓದುವ ಗೋಜಿಗೂ ಹೋಗದೆ, ಬಾಟಲಿಯ ಮೇಲೆ ಬೆರಳಿಟ್ಟರು. ಪರದೆಯಲ್ಲಿ ಗುಮಾಸ್ತೆಯ ಕೈ ಅದನ್ನೆತ್ತಿ ಬೆಳಕಿಗೆ ಹಿಡಿಯಿತು. "ಯಾವಾಗಿಂದ ಹೀಗೆ ಬರ್ತಿದೆ ಅಮ್ಮಾ?" ಎಂಬ ಹೊಸ ಪ್ರಶ್ನೆ ಮೂಡಿತು. ಆ ಹೆಂಗಸು ಬೈಗುಳ ನಿಲ್ಲಿಸಿ ಕುರ್ಚಿ ಎಳೆದು ಕೂತಳು. "ನಿಮಗೆ ಹೇಗ್ರೀ ಗೊತ್ತಾಯ್ತು?" ಎಂದು ನಾನು ಅಪ್ಪನನ್ನು ಕೇಳಿದರೆ, "ಇಷ್ಟು ವರ್ಷ ನಿನ್ನ ಜೊತೆ ಬಾಳಿ ಅಷ್ಟೂ ಗೊತ್ತಾಗಲ್ವಾ?" ಅಂದರು.

ಫೋನಿನಲ್ಲಿ ಹೇಳಿದೆಯಲ್ಲ, ಆಡಿದ ಗುಮಾಸ್ತರೆಲ್ಲ ಸೋಲುತ್ತಿದ್ದಾರಂತೆ. "ಕ್ಷಮಿಸಿ" ಎಂದೊಡನೆ ಆಕೆ ತಣ್ಣಗಾಗುವಂತೆ ಮಾಡು ಅಂತಾರಂತೆ ಕಚೇರಿಯ ಮೇಲಿನವರು, ಇಲ್ಲದಿದ್ದರೆ ಸೋಮವಾರದ ಸಭೆಯಲ್ಲಿ ಆಟವನ್ನೇ ಕೈಬಿಡುತ್ತಾರಂತೆ. ಏನು ಧೈರ್ಯ! ಸೋಲಬಾರದ ಕಡೆ ಸೋಲದಿರಲಿ ಎಂದೇ ಅಲ್ಲವೇ ಇಲ್ಲಿ ಸೋಲಿಸುವುದು? ಅವರ "ಕ್ಷಮಿಸಿ"ಯನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ನಲ್ಲಿಯಲ್ಲಿ ಬಂದದ್ದು ಮಾತ್ರ ಅದೇ ನೀರು. ಪತ್ರಿಕೆಗಳಿಗೆ ನಾನು ಬರೆದ ಪತ್ರಗಳನ್ನೆಲ್ಲ ಒಟ್ಟು ಮಾಡಿದರೂ ನಿನ್ನ ಈ ಒಂದು ಬಾಟಲಿಯಷ್ಟು ಹೇಳಿಲ್ಲ, ಮಗಳೇ. ಎದುರುಮನೆಯಾಕೆಯನ್ನು ಕರೆದು ಆಡಿಸಿದೆ. "ಥೇಟ್ ನೀವೇ ಕಣ್ರೀ!" ಎಂದು ನಕ್ಕಳು. "ಮಾಡಿದ್ದು ನನ್ನ ಮಗಳು" ಎಂದು ನಾನೂ ಬೀಗಿದೆ.

ಬಿಸಿನೀರು ಕುಡಿ, ಸರಿಯಾಗಿ ನಿದ್ದೆ ಮಾಡು. ನಮ್ಮಿಬ್ಬರ ತುಂಬು ಆಶೀರ್ವಾದ ನಿನಗೆ. ಮಿಕ್ಕರೆ ಆ ಗುಮಾಸ್ತರಿಗೂ ಒಂದಿಷ್ಟು ಕೊಡು.

ಕೌಂಟರಿನ ಆಚೆ ನಿಂತ
ನಿನ್ನ ಅಮ್ಮ

ಮರೆತಿದ್ದೆ: ಈ ಪತ್ರ ತಂದ ಅಪ್ಪನ ಕೈಚೀಲದಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಬಾಟಲಿಯೊಂದಿದೆ. ಅಂದಿನದೇ, ಎಸೆದಿರಲಿಲ್ಲ. ಕೆಸರು ತಳಕ್ಕಿಳಿದಿದೆ, ಒಮ್ಮೆ ಅಲುಗಿಸು. ಸಭೆಯ ಮೇಜಿನ ಮೇಲಿಟ್ಟು ಸುಮ್ಮನೆ ಕೂತಿರು. ಅದನ್ನು ಕೈಗೆತ್ತಿಕೊಂಡು ನೋಡಿದವರ ಜೊತೆ ಮಾತಾಡು. ಯಾರೂ ಎತ್ತದಿದ್ದರೆ, ಬಾಟಲಿಯನ್ನೂ ಆಟವನ್ನೂ ಎತ್ತಿಕೊಂಡು ಎದ್ದು ಬಾ.