ಗಣಪತಿ ಮಣ್ಣಿನ ಎತ್ತು

ಬಿಡಕಿನ್,
ಜುಲೈ 20, 2025

ಮಂಜುಳಾನ ಅಪ್ಪನವರಿಗೆ ದಾನಮ್ಮನ ನಮಸ್ಕಾರಗಳು.

ನಾನು, ಮಗಳು ಇಬ್ಬರೂ ಆರಾಮ ಇದ್ದೇವೆ. ನಿಮ್ಮನ್ನು ನಾಸಿಕದ ಜೈಲಿನಿಂದ ಪೈಠಣದ ಬಯಲು ಜೈಲಿಗೆ ಕಳಿಸುವ ಹುಕುಂ ಆಯಿತೆಂದು ಮೊನ್ನೆ ನಿಮ್ಮ ಫೋನು ಬಂದಾಗಿನಿಂದ ನನಗೆ ಯಾವ ಕೆಲಸದಲ್ಲೂ ಲಕ್ಷ್ಯವಿಲ್ಲ. ಕ್ಯಾಂಟೀನಿನಲ್ಲಿ ರೊಟ್ಟಿ ಸೀಯಿಸಿ ಬೈಸಿಕೊಂಡೆ. ಕೋಣೆಯೊಳಗೆ ಕೂಡಿಹಾಕದ ಜೈಲು, ದಿನವೆಲ್ಲ ಹೊಲದ ಕೆಲಸ, ಇಲ್ಲಿಂದ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ಇನ್ನು ನಿಮ್ಮನ್ನು ನೋಡಲು ಕೂಲಿ ಬಿಟ್ಟು ನಾಸಿಕದವರೆಗೆ ಹೋಗಬೇಕಿಲ್ಲ.

ಈ ಪತ್ರ ನಿಮ್ಮ ಕೈ ಸೇರುವುದು ತಡವಾಗಬಹುದು. ಜೈಲಿನವರು ಓದಿದ ಮೇಲೆಯೇ ಕೊಡುತ್ತಾರಲ್ಲ, ಕನ್ನಡ ಬಲ್ಲವರನ್ನು ಹುಡುಕಬೇಕು. ಓದುವ ಪುಣ್ಯಾತ್ಮರು ಯಾರೇ ಇರಲಿ, ಇದು ಗಂಡ ಹೆಂಡತಿಯ ಮಾತು, ಸ್ವಲ್ಪ ಬೇಗ ಓದಿ ಮುಗಿಸಬೇಕು.

ಈಗ ನನ್ನ ಸಿಟ್ಟು ತೀರಿಸಿಕೊಳ್ಳುತ್ತೇನೆ. ಜೈಲಿನ ಕಾರ್ಖಾನೆಯಲ್ಲಿ ಗಣಪತಿ ಮಾಡಲೆಂದು ಕೊಟ್ಟ ಮಣ್ಣಿನಲ್ಲಿ ಕೇಳದೆ ಹೇಳದೆ ಐದು ಎತ್ತು, ಒಂದು ಗೋದಲಿ ಮಾಡಿ ಮೇಜಿನ ಕೆಳಗೆ ಪೂಜೆಗಿಟ್ಟಿರಲ್ಲ, ಬುದ್ಧಿ ಎಲ್ಲಿ ಇಟ್ಟಿದ್ದಿರಿ? ಮಣ್ಣೆತ್ತಿನ ಅಮಾವಾಸ್ಯೆ ನಮ್ಮ ಇಂಡಿ ತಾಲೂಕಿನ ಕಡೆಯ ಹಬ್ಬ. ಇಲ್ಲಿಯವರ ಎತ್ತಿನ ಹಬ್ಬ ಪೋಳಾ, ಅದು ಬರುವುದು ಶ್ರಾವಣದ ಅಮಾವಾಸ್ಯೆಗೆ. ಹವಾಲ್ದಾರರು ಹಿಡಿದಾಗ ಇವತ್ತು ಎತ್ತಿನ ಹಬ್ಬ ಎಂದು ನಿಮ್ಮ ಹರಕು ಮರಾಠಿಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅವರು ಗೋಡೆಯ ಕ್ಯಾಲೆಂಡರು ನೋಡಿದರು. ಪೋಳಾಕ್ಕೆ ಇನ್ನೂ ಎರಡು ತಿಂಗಳಿತ್ತು. ಮಣ್ಣು ಕದ್ದ, ಮೇಲೆ ಸುಳ್ಳನ್ನೂ ಹೇಳಿದ ಎಂದು ವರದಿ ಬರೆದರು. ಅಷ್ಟಕ್ಕೇ ಬಯಲು ಜೈಲು ನಿಮ್ಮ ಕೈ ತಪ್ಪಿ ಹೋಗುವುದರಲ್ಲಿತ್ತು.

ಅದಾದ ಮೇಲೆ ನಾನು ನಿಮ್ಮನ್ನು ನೋಡಲು ಮುಲಾಕಾತಿಗೆ ಬಂದಾಗ ನಡೆದದ್ದನ್ನು ನಿಮಗೆ ಪೂರ್ತಿ ಹೇಳಿಲ್ಲ. ಗೇಟಿನಲ್ಲಿ ಕಾಶೀನಾಥನ ಹೆಂಡತಿ ಯಾರು ಎಂದು ಕರೆದು, ನಿಮ್ಮನ್ನು ತೋರಿಸುವ ಮೊದಲೇ ನನ್ನನ್ನು ಜೈಲರ್ ಮಧುಕರ ಸಾಹೇಬರ ಕೋಣೆಗೆ ಒಯ್ದರು. ಮೇಜಿನ ಮೇಲೆ ನಿಮ್ಮ ಎತ್ತುಗಳು ನಿಂತಿದ್ದವು. ಅಷ್ಟು ಹೆದರಿಕೆಯಲ್ಲೂ ನಗು ಬಂತು. ಒಂದು ಎತ್ತಿಗೆ ಹೆಗಲ ಮೇಲೆ ಡುಬ್ಬವೇ ಇರಲಿಲ್ಲ, ನೋಡಿದರೆ ಎಮ್ಮೆ ಅನ್ನಬೇಕು.

ನಮ್ಮ ಕಡೆ ಬಿತ್ತುವ ಕಾಲಕ್ಕೆ, ಮನೆಯಲ್ಲಿ ಎತ್ತಿಲ್ಲದವರೂ ಮಣ್ಣಿನಲ್ಲಿ ಮಾಡಿ ಪೂಜಿಸುತ್ತಾರೆ ಎಂದು ನಾನು ಮರಾಠಿಯಲ್ಲಿ ಹೇಳಿದೆ. ಹೆಂಡತಿಯಾದವಳು ಗಂಡನ ಪರ ಹೇಳದೆ ಇನ್ನೇನು ಹೇಳುತ್ತಾಳೆ ಎಂದರು ಸಾಹೇಬರು. ಹಾಗಾದರೆ ನನಗೂ ಒಂದು ಮುಷ್ಟಿ ಮಣ್ಣು ತರಿಸಿಕೊಡಿ ಎಂದೆ. ಆ ಧೈರ್ಯ ಎಲ್ಲಿಂದ ಬಂತೋ. ಅವರ ಎದುರೇ ನೆಲದ ಮೇಲೆ ಕೂತು ಒಂದು ಎತ್ತು ಮಾಡಿದೆ. ಸಾಹೇಬರು ಅದನ್ನು ನಿಮ್ಮದರ ಪಕ್ಕದಲ್ಲಿಟ್ಟು ನೋಡಿದರು. ಎರಡಕ್ಕೂ ನಮ್ಮೂರ ರೀತಿಯಲ್ಲೇ ಕೊಂಬು ಹಿಂದಕ್ಕೆ ಬಾಗಿತ್ತು. ನನ್ನದು ಚೆನ್ನಾಗಿತ್ತು, ಅದನ್ನು ಅವರೂ ಒಪ್ಪಿದರು.

ಹಬ್ಬ ಖರೆ ಇರಬಹುದು ತಾಯಿ, ಮಣ್ಣು ಮಾತ್ರ ಸರಕಾರದ್ದು ಎಂದು ನಕ್ಕು ವರದಿಯನ್ನು ಬದಿಗಿಟ್ಟರು. ಪೈಠಣಕ್ಕೆ ಹೋಗುವ ತನಕ ನೀವು ಉಳಿದ ಕೈದಿಗಳಿಗೆ ಎತ್ತು ಮಾಡುವುದನ್ನು ಕಲಿಸಬೇಕು, ಪೋಳಾಕ್ಕೆ ಜೈಲಿನ ಅಂಗಡಿಯಲ್ಲಿ ಮಾರಲಿಕ್ಕೆ ಇಡುತ್ತೇವೆ ಎಂದರು. ಇದಕ್ಕೆ ಶಿಕ್ಷೆ ಎಂದು ಹೆಸರು! ಕಲಿಸುವಾಗ ದಯವಿಟ್ಟು ಡುಬ್ಬ ಮರೆಯಬೇಡಿ.

ಆಮೇಲೆ ಗಾಜಿನ ಆಚೆಯಿಂದ ನೀವು, "ಹೇಳದ ಕೇಳದ ಯಾಕ ಬಂದಿ?" ಎಂದು ಕೇಳಿದಿರಿ. ಸುಮ್ಮನೆ ಎಂದೆ. ಮಂಜುಳಾನ ಶಾಲೆಯ ಸುದ್ದಿ ಹೇಳುವುದರಲ್ಲೇ ವೇಳೆ ಮುಗಿಯಿತು.

ಕುಡಿದು ಜಗಳಾಡಿ ಒಬ್ಬ ಮನುಷ್ಯನ ಜೀವ ತೆಗೆದಿರಿ. ಅದನ್ನು ನಾನು ಮರೆತಿಲ್ಲ, ನೀವೂ ಮರೆಯಬಾರದು. ಆದರೆ ಈ ವಾರ ನನಗೆ ಸಂತೋಷವಾಗಿದೆ. ಅದನ್ನು ಮುಚ್ಚಿಡುವುದು ನನ್ನಿಂದ ಆಗದು.

ಮಗಳ ಸಡಗರ ಇನ್ನೂ ಹೆಚ್ಚು. "ಅವ್ವಾ, ಅಪ್ಪಾ ಶೇತಾತ ಕೆಲಸ ಮಾಡ್ತಾನ? ಮಗ್ ಟೋಪಿ ಪಾಹಿಜೆ ನಾ?" ಎಂದು ಅರ್ಧ ಮರಾಠಿಯಲ್ಲೇ ಕೇಳಿ, ಹೊಲದ ಬಿಸಿಲಿಗೆ ಬೇಕೆಂದು ಒಂದು ಟೋಪಿ ಆರಿಸಿಟ್ಟಿದ್ದಾಳೆ. ಕೊಡಲು ಬಿಡುತ್ತಾರೋ ಇಲ್ಲವೋ, ಅಲ್ಲಿ ಕೇಳಿ ತಿಳಿಸಿ. ಪೈಠಣದಲ್ಲಿ ಸುತ್ತ ಎಲ್ಲಿ ನೋಡಿದರೂ ಮಣ್ಣೇ. ಕೇಳಿ ಮುಟ್ಟಿರಿ.

ನಿಮ್ಮ ಮನೆಯಾಕೆ,
ದಾನಮ್ಮ

ತಾ.ಕ.: ಸುಮ್ಮನೆ ಬಂದೆ ಎಂದದ್ದು ಸುಳ್ಳು. ಇನ್ನು ಬರುವುದಿಲ್ಲ, ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ ಎಂದು ಹೇಳಿ ಹೋಗಲು ಬಂದಿದ್ದೆ. ಸಂಭಾಜಿನಗರದಿಂದ ಬಸ್ಸಿನಲ್ಲಿ ಅದೇ ಮಾತನ್ನು ಹೊಂದಿಸಿಕೊಳ್ಳುತ್ತಾ ಬಂದಿದ್ದೆ. ಆದರೆ ಸಾಹೇಬರು ನಿಮ್ಮನ್ನು ಸುಳ್ಳುಗಾರ ಎಂದ ಕೂಡಲೇ ನನ್ನ ಬಾಯಿಂದ, "ನನ್ನ ಗಂಡ ಸುಳ್ಳ ಹೇಳಾಂವ ಅಲ್ಲರೀ" ಎಂದು ಹೊರಟುಬಿಟ್ಟಿತು, ಅದೂ ಕನ್ನಡದಲ್ಲಿ. ಅವರಿಗೆ ತಿಳಿಯಲಿಲ್ಲ. ಮರಾಠಿಯಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ನಾನೂ ಅದನ್ನು ನಂಬಿದೆ.